ಟಾರ್ಮ್ಯಾಕ್ ಮೇಲೆ ಬರಿಗಾಲು

ನಮ್ಮ ಮನೆಯಲ್ಲಿ ಇರುವವರು ಮೂವರು. ಅವ್ವ ಮಾತಾಡುತ್ತಾಳೆ, ನಾನು ಬೇರೆಯವರ ಥರ ಮಾತಾಡುತ್ತೇನೆ, ಅಪ್ಪ ಮಾತಾಡುವುದಿಲ್ಲ.

ಮಾತಾಡುವುದಿಲ್ಲ ಅಂದರೆ ಮೂಕನಲ್ಲ. ಬಾಗಲಕೋಟೆ ಕಡೆಯ ಗಂಟಲು ಅದು. ರೊಟ್ಟಿ ದಪ್ಪಗಾದರೆ, ಗೀಸರ್ ಆರಿಸುವುದು ಮರೆತರೆ, ರಜೆಯ ದಿನ ನಾನು ಹನ್ನೊಂದಕ್ಕೆ ಎದ್ದರೆ ಇಡೀ ಕಾಲನಿಗೆ ಸುದ್ದಿ ಹೋಗುತ್ತದೆ. ರಾಜಕೀಯ ಒಂದು ಬಿಟ್ಟು. ಅಪ್ಪ ಏರ್‌ಫೋರ್ಸಿನಲ್ಲಿ ವಾರಂಟ್ ಆಫೀಸರ್. ವಿಮಾನ ನೆಲಕ್ಕಿಳಿದ ಮೇಲೆ ಅದರ ಹೊಟ್ಟೆಯೊಳಗೆ ಕೈ ಹಾಕಿ ನಟ್ಟು ಬೋಲ್ಟು ನೋಡುವವನು. ಯೂನಿಫಾರ್ಮ್ ಹಾಕಿದವನು ಪಕ್ಷದ ಮಾತು ಆಡುವಂತಿಲ್ಲ. ನಿಯಮ ಇರುವುದು ಅವನೊಬ್ಬನಿಗೆ, ಆದರೆ ಅಪ್ಪ ಅದನ್ನು ರೇಷನ್ ಥರ ಮನೆಯ ಮೂವರಿಗೂ ಸಮನಾಗಿ ಹಂಚಿಬಿಟ್ಟ. ಟೀವಿಯಲ್ಲಿ ಚರ್ಚೆ ಶುರುವಾಯಿತೋ, ರಿಮೋಟು ಪ್ರಾಣಿಗಳ ಚಾನೆಲ್ಲಿಗೆ ಓಡುತ್ತಿತ್ತು. ಚುನಾವಣೆ ಫಲಿತಾಂಶದ ದಿನ ನಾವಿರುವ ನಾಗಪುರವೆಲ್ಲ ಪಟಾಕಿ ಹೊಡೆಯುತ್ತಿದ್ದರೆ ನಾವು ಮೂವರು ಸೋಫಾದಲ್ಲಿ ಸಾಲಾಗಿ ಕೂತು ಮೊಸಳೆಯೊಂದು ಝೀಬ್ರಾ ತಿನ್ನುವುದನ್ನು ನೋಡಿದ್ದೇವೆ. ಅದೂ ಒಂಥರ ವಿಶ್ಲೇಷಣೆಯೇ ಇದ್ದಿರಬೇಕು, ನನಗೆ ಹೊಳೆಯಲಿಲ್ಲ.

ಅಣಕ ಮಾಡುವುದು ನನಗೆ ಸಣ್ಣಂದಿನಿಂದ ಬಂದ ರೋಗ. ಕ್ವಾರ್ಟರ್ಸಿನಲ್ಲಿ ಒಂದು ಮೆಟ್ಟಿಲು ಹತ್ತಿದರೆ ಕೇರಳ, ಇನ್ನೊಂದು ಹತ್ತಿದರೆ ಪಂಜಾಬು. ನಾನು ಎಲ್ಲರ ಮನೆಯಲ್ಲೂ ತಿಂದು, ಎಲ್ಲರ ದನಿಯನ್ನೂ ಕದ್ದು ಬಂದೆ. ತರಕಾರಿ ಮಾರುವ ಮರಾಠಿ ಮಾವಶಿಯ ದನಿಯಲ್ಲಿ ಅವ್ವನಿಗೆ ಫೋನು ಮಾಡಿ, ಎರಡು ಕಿಲೋ ಬದನೆಕಾಯಿ ಬೇಡ ಅಂದರೂ ಕಳಿಸುತ್ತೇನೆ ಅಂತ ಜಗಳ ತೆಗೆದಿದ್ದೇನೆ. ತೊಂದರೆ ಏನೆಂದರೆ ನನ್ನದೇ ದನಿ ಯಾವುದು ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಒಂದೊಂದು ಸಲ ಫೋನೆತ್ತಿ ‘ಹಲೋ’ ಅಂದರೆ ನಮ್ಮ ಹಾಲಿನವನು ಮಾತಾಡುತ್ತಾನೆ.

ಅಪ್ಪ ಇದಕ್ಕೆಲ್ಲ ಅಡ್ಡ ಬಂದವನಲ್ಲ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಕರೆದು ಎರಡೇ ಮಾತು ಹೇಳಿದ: "ಯಾರದರ ಮಾಡು. ನೇತಾಗೋಳ ಸುದ್ದಿ ಬ್ಯಾಡ. ನಂದೂ ಮಾಡಬ್ಯಾಡ."

ಈ ಎರಡೂ ಆಜ್ಞೆಗಳನ್ನು ನಾನು ಒಂದೇ ಉಸಿರಿನಲ್ಲಿ ಮುರಿದೆ. ಮುರಿದದ್ದು ಸ್ಪೇನಿನಲ್ಲಿ.

ನಾನು ಕೆಲಸ ಮಾಡುವುದು ಕಾಟೋಲ್ ರಸ್ತೆಯ ಒಂದು ಸಂತ್ರಾ ಪ್ಯಾಕಿಂಗ್ ಘಟಕದಲ್ಲಿ. ನಾಗಪುರದ ಸಂತ್ರಾ, ಅಂದರೆ ನೀವು ಕಿತ್ತಳೆ ಅನ್ನುತ್ತೀರಲ್ಲ ಅದು, ತೋಟದಿಂದ ಬಂದರೆ ನಾವು ತೊಳೆದು, ಮೇಣ ಹಚ್ಚಿ, ದೊಡ್ಡದು ಸಣ್ಣದು ಬೇರೆ ಮಾಡಿ ಪೆಟ್ಟಿಗೆಗೆ ಹಾಕುತ್ತೇವೆ. ಹಣ್ಣು ಬೇರೆ ಮಾಡುವ ಹೊಸ ಯಂತ್ರ ತರಿಸಿದಾಗ, ಅದನ್ನು ನಡೆಸಲು ಕಲಿತು ಬಾ ಅಂತ ವೆಲೆನ್ಸಿಯಾ ಹತ್ತಿರದ ಒಂದು ಹಳ್ಳಿಗೆ ನನ್ನನ್ನು ಆರು ವಾರ ಕಳಿಸಿದರು. ಯಂತ್ರದ ಬಗ್ಗೆ ನನಗೆ ಬಹಳ ಗೊತ್ತು ಅಂತಲ್ಲ. ಉಳಿದವರ್ಯಾರ ಬಳಿಯೂ ಪಾಸ್‌ಪೋರ್ಟ್ ಇರಲಿಲ್ಲ.

ಹೊರಡುವ ದಿನ ಅಪ್ಪ ಏರ್‌ಪೋರ್ಟಿಗೆ ಬಂದು ಬ್ಯಾಗಿನ ಜಿಪ್ಪು ಎಳೆದು ನೋಡಿದ, ಚಕ್ರ ತಿರುಗಿಸಿ ನೋಡಿದ. ಆಮೇಲೆ ಹೇಳಿದ: "ಅಲ್ಲಿ ಮಂದಿ ದೇಶದ್ದು ಕೇಳ್ತಾರ. ನೀ ಹಣ್ಣಿಂದು ಹೇಳು."

ಮಂದಿ ಕೇಳಿದರು. ಎಷ್ಟು ಕೇಳಿದರು ಅಂದರೆ, ನಾನು ಬರುವ ತನಕ ಬಾಯಿ ಕಟ್ಟಿಕೊಂಡು ಕಾದಿದ್ದರೇನೋ ಅನಿಸಿತು. ಆ ಘಟಕದಲ್ಲಿ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಉದ್ದನೆಯ ಟೇಬಲ್ಲಿಗೆ ಕೂತು, ಮೊಳದುದ್ದದ ಬ್ರೆಡ್ಡಿನೊಳಗೆ ಆಮ್ಲೆಟ್ ತುಂಬಿಕೊಂಡು ತಿನ್ನುತ್ತಾರೆ, ಬಾಯಿ ತುಂಬ ರಾಜಕೀಯ ಮಾತಾಡುತ್ತಾರೆ. ಭಾವ ಮೈದುನರಿಬ್ಬರು ಎರಡು ಪಕ್ಷದವರು, ಒಂದೇ ತಟ್ಟೆಯ ಆಲಿವ್ ಕಾಯಿ ತಿನ್ನುತ್ತ ಒಬ್ಬರಿಗೊಬ್ಬರು ಬೆರಳು ತೋರಿಸಿ ಬೈಯುತ್ತಿದ್ದರು. ನಾನು ಮೊದಲನೇ ವಾರ ಪೂರ್ತಿ ಬಾಗಿಲ ಕಡೆ ನೋಡುತ್ತ ತಿಂದೆ. ಅಪ್ಪ ಬಂದು ಚಾನೆಲ್ ಬದಲಿಸುತ್ತಾನೇನೋ ಅಂತ.

ಅವರ ತಲೆಯಲ್ಲಿ ನಮ್ಮ ದೇಶ ಹೇಗಿತ್ತು ಅನ್ನುತ್ತೀರಿ! ಫೋರ್ಕ್‌ಲಿಫ್ಟ್ ಓಡಿಸುವವನು ಎಲ್ಲೋ ಒಂದು ಕಾರ್ಯಕ್ರಮ ನೋಡಿದ್ದ, ಅದರಲ್ಲಿ ಕಾಡಿನೊಳಗಿನ ಬೂತಿಗೆ ವೋಟಿನ ಯಂತ್ರ ಆನೆ ಮೇಲೆ ಹೋಗಿತ್ತಂತೆ. ಅಂದಿನಿಂದ ಅವನ ಪಾಲಿಗೆ ಭಾರತದ ರಾಜಕೀಯವೆಲ್ಲ ಆನೆ ಮೇಲೆಯೇ ನಡೆಯುತ್ತದೆ. "ಆನೆ ಬರದಿದ್ದರೆ ಚುನಾವಣೆ ಮುಂದಕ್ಕೆ ಹೋಗುತ್ತದೆಯೇ?" ಅಂತ ಬಹಳ ಗಂಭೀರವಾಗಿ ಕೇಳಿದ. ಆಫೀಸಿನಲ್ಲಿದ್ದ, ಮೂಗುಬೊಟ್ಟು ಇಟ್ಟುಕೊಂಡ ಹುಡುಗಿ ಹತ್ತು ದಿನ ಹೃಷೀಕೇಶದಲ್ಲಿದ್ದು ಬಂದವಳು. ಅವಳ ಪ್ರಕಾರ ನಾವು ರಾಜಕೀಯದಿಂದ ಮೇಲೆದ್ದ ಜನ, ನಮಗೆ ಅಧಿಕಾರದ ಆಸೆಯೇ ಇಲ್ಲ. ನಮ್ಮ ಪಕ್ಕದ ವಾರ್ಡಿನಲ್ಲಿ ನೀರಿನ ಟ್ಯಾಂಕರಿನ ಮೇಲೆ ಯಾರ ಫೋಟೋ ಅಂಟಿಸಬೇಕು ಅಂತ ಇಬ್ಬರು ಅಂಗಿ ಹರಿದುಕೊಂಡದ್ದು ನೆನಪಾಗಿ ನಾನು ಕಣ್ಣು ಮುಚ್ಚಿದೆ. ಅವಳು ಅದನ್ನು ಧ್ಯಾನ ಅಂದುಕೊಂಡಳು. ಇನ್ನು ಹಣ್ಣಿನ ಲಾರಿಯವನಿಗೆ ನಾವು ಸೋಮವಾರ ಜಗತ್ತನ್ನೇ ಆಳುವವರು, ಗುರುವಾರ ಮುಳುಗಿ ಹೋಗುವವರು. ನಡುವೆ ಬುಧವಾರ ಏನಾಯಿತು ಅಂತ ಅವನು ಯಾವತ್ತೂ ಹೇಳಲಿಲ್ಲ.

ಬೀದಿಯ ತುದಿಯಲ್ಲಿ ಫೋನಿಗೆ ರೀಚಾರ್ಜ್ ಮಾಡುವ ಅಂಗಡಿಯವನು ಪಾಕಿಸ್ತಾನದವನು. ‘ಎಲ್ಲಿಂದ ಭಾಯಿ?’ ಅಂದ. ಏರ್‌ಫೋರ್ಸ್ ಮನೆಯ ಮಗ ನಾನು, ಶ್ರೀಲಂಕಾ ಅಂದುಬಿಟ್ಟೆ. ಪುಣ್ಯಾತ್ಮ ಶ್ರೀಲಂಕಾದ ರಾಜಕೀಯವನ್ನೂ ಅರೆದು ಕುಡಿದಿದ್ದ. ಅರ್ಧ ತಾಸು ನಿಲ್ಲಿಸಿಕೊಂಡು ನಮ್ಮ ದೇಶ, ಅಂದರೆ ಶ್ರೀಲಂಕಾ, ಎಲ್ಲಿ ತಪ್ಪಿತು ಅಂತ ತಿಳಿಹೇಳಿದ. ನಾನು ನಾಚಿಕೊಂಡು ಕ್ಷಮೆ ಕೇಳಿ ಬಂದೆ.

ಇವರೆಲ್ಲರಿಗೂ ನಾನು ಹೂಂಗುಟ್ಟಿದೆ. ಆನೆಯವನಿಗೆ ಆನೆಯ ಘೀಳು ಹಾಕಿ ತೋರಿಸಿದೆ, ಹುಡುಗಿಗೆ ಸಾಧುವಿನ ದನಿಯಲ್ಲಿ ಆಶೀರ್ವಾದ ಮಾಡಿದೆ, ಲಾರಿಯವನ ಜೊತೆ ಸೋಮವಾರ ಎದೆ ಉಬ್ಬಿಸಿ ಗುರುವಾರ ನಿಟ್ಟುಸಿರು ಬಿಟ್ಟೆ. ಎಲ್ಲರೂ ಖುಷಿ.

ಒಬ್ಬರನ್ನು ಬಿಟ್ಟು. ಹಣ್ಣು ಬೇರೆ ಮಾಡುವ ಸಾಲಿಗೆ ಯಜಮಾನಿಯಾಗಿದ್ದ ಹೆಂಗಸು, ಅರವತ್ತು ದಾಟಿದವರು. ನಾನು ಮನಸ್ಸಿನಲ್ಲೇ ಮೇಸ್ತ್ರಿಯಮ್ಮ ಅಂತ ಹೆಸರಿಟ್ಟಿದ್ದೆ. ಹರೆಯದಲ್ಲಿ ಲಂಡನ್ನಿನ ಹೋಟೆಲಿನಲ್ಲಿ ಹಾಸಿಗೆ ಹಾಸಿ ಕಲಿತ ಇಂಗ್ಲಿಷು ಅವರದು, ಟೇಬಲ್ಲಿನ ಮಾತು ನನಗೂ ನನ್ನದು ಟೇಬಲ್ಲಿಗೂ ದಾಟಿಸುತ್ತಿದ್ದವರು ಅವರೇ. ಸಾಲಿನಲ್ಲಿ ಓಡುವ ಸಾವಿರ ಹಣ್ಣುಗಳ ನಡುವೆ ಕೊಳೆತದ್ದೊಂದನ್ನು ಬೆನ್ನು ಮಾಡಿ ನಿಂತೇ ಹಿಡಿಯುತ್ತಿದ್ದರು. ನನ್ನನ್ನೂ ಹಾಗೇ ಹಿಡಿದರು. ಒಂದು ದಿನ ಟೇಬಲ್ಲಿನಲ್ಲಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಕೇಳಿದರು:

"ಹುಡುಗಾ, ನೀನು ಆನೆಗೂ ಹೌದು ಅಂದೆ, ಧ್ಯಾನಕ್ಕೂ ಹೌದು ಅಂದೆ, ಮುಳುಗುತ್ತೀರಿ ಅಂದದ್ದಕ್ಕೂ ಹೌದು ಅಂದೆ. ನಿನ್ನ ದೇಶದ ಬಗ್ಗೆ ನೀನು ಏನಂತೀ?"

ನನ್ನ ಹತ್ತಿರ ಯಾರ ದನಿಯೂ ಸಿಗಲಿಲ್ಲ. "ನಮ್ಮ ಮನೆಯಲ್ಲಿ ರಾಜಕೀಯ ಮಾತಾಡುವುದಿಲ್ಲ" ಅಂದೆ.

ಮೇಸ್ತ್ರಿಯಮ್ಮ ನಿಧಾನಕ್ಕೆ ನನ್ನ ಹೆಗಲ ಮೇಲೆ ಕೈ ಇಟ್ಟರು. "ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲೂ ಮಾತಾಡುತ್ತಿರಲಿಲ್ಲ" ಅಂದರು. "ಆಗ ನಮ್ಮಲ್ಲಿ ಸರ್ವಾಧಿಕಾರಿ ಇದ್ದ. ಯಾರಾದರೂ ಬಾಯಿ ತೆರೆದರೆ ಅಪ್ಪ ಮೊದಲು ಕಿಟಕಿ ಹಾಕುತ್ತಿದ್ದ."

ಉಳಿದವರು ನನ್ನನ್ನು ನೋಡಿದ ರೀತಿ! ಈಗಷ್ಟೇ ಬೇಲಿ ಹಾರಿ ಜೀವ ಉಳಿಸಿಕೊಂಡು ಬಂದವನನ್ನು ನೋಡುವ ಹಾಗೆ. ಫೋರ್ಕ್‌ಲಿಫ್ಟಿನವನು ತನ್ನ ಅರ್ಧ ಬ್ರೆಡ್ಡು ನನ್ನ ಕಡೆ ಸರಿಸಿದ. ನನಗೆ ಕಿವಿ ಬಿಸಿಯಾಯಿತು. ಹಾಗಲ್ಲ ಮಾರಾಯರೇ, ನಮ್ಮಲ್ಲಿ ಪಾನ್ ಅಂಗಡಿಯವನು ಸುಣ್ಣ ಹಚ್ಚುತ್ತಲೇ ಸರ್ಕಾರ ಬೀಳಿಸುತ್ತಾನೆ, ಸುಮ್ಮನಿರುವವನು ನಮ್ಮಪ್ಪ ಒಬ್ಬನೇ, ಅವನ ಕೆಲಸ ಅಂಥದ್ದು ಅಂತ ಹೇಳಬೇಕಿತ್ತು. ಹೇಳಲು ಇಂಗ್ಲಿಷ್ ಸಾಲಲಿಲ್ಲ, ತಾಳ್ಮೆಯೂ ಸಾಲಲಿಲ್ಲ. ಹಣ್ಣಿನ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಹತ್ತಿದೆ.

"ಯಾರು ಹೇಳಿದ್ದು ಮಾತಾಡುವುದಿಲ್ಲ ಅಂತ? ನಮ್ಮಪ್ಪ ಮಾತಾಡುತ್ತಾನೆ!"

ಕೈ ಎರಡೂ ಬೆನ್ನ ಹಿಂದೆ. ಕಾಲು ಒಂದಡಿ ದೂರ. ಎರಡು ಸಲ ಕೆಮ್ಮು, ಮೂರನೆಯದು ಅರ್ಧ. ಅಪ್ಪ ನನ್ನ ಮೈಮೇಲೆ ಬಂದ.

"ಜಂಟಲ್‌ಮೆನ್! ಎಲ್ಲ ಪಕ್ಷದ ಎಲ್ಲ ನೇತಾಗಳನ್ನೂ ಮೇ ತಿಂಗಳಲ್ಲಿ ನಾಗಪುರಕ್ಕೆ ಕರೆತನ್ನಿ. ಮಧ್ಯಾಹ್ನ ಎರಡು ಗಂಟೆಗೆ, ವಿಮಾನ ನಿಲ್ಲುವ ಟಾರ್ಮ್ಯಾಕ್ ಮೇಲೆ ಸಾಲಾಗಿ ನಿಲ್ಲಿಸಿ. ಬರಿಗಾಲಿನಲ್ಲಿ! ಒಬ್ಬ ವಿಐಪಿಯ ವಿಮಾನ ತಡವಾಗಿದೆ, ನಾಲ್ಕು ತಾಸು ಕಾಯಬೇಕು ಅಂತ ಹೇಳಿ. ಆಮೇಲೆ ಯಾರಿಗೆ ದೇಶಸೇವೆ ಬೇಕೋ ಕೈ ಎತ್ತಲಿ!"

ಟೇಬಲ್ಲು ಕುಣಿಯಿತು. ಭಾವ ಮೈದುನರು ಮೊದಲ ಸಲ ಒಂದೇ ಪಕ್ಷದವರಾದರು. ಅಂದಿನಿಂದ ಅಲ್ಲಿನ ಟೀವಿಯಲ್ಲಿ ಅವರದೇ ಮಂತ್ರಿ ಬಾಯಿ ತೆರೆದರೂ ಸಾಕು, ಯಾರಾದರೊಬ್ಬರು ಮುಷ್ಟಿ ಎತ್ತಿ "ತಾರ್ಮಾಕ್!" ಅಂತ ಕೂಗುವರು, ಉಳಿದವರು ಟೇಬಲ್ಲು ಗುದ್ದುವರು. ಮೇಸ್ತ್ರಿಯಮ್ಮ ಕಣ್ಣೊರೆಸಿಕೊಂಡು, "ನಿನ್ನ ಅಪ್ಪನನ್ನು ಒಮ್ಮೆ ನೋಡಬೇಕು" ಅಂದರು. ಖಂಡಿತ ಬನ್ನಿ ಅಂದೆ. ಏಳು ಸಮುದ್ರದ ಆಚೆ ಕೂತು ಹಾಗನ್ನುವುದಕ್ಕೆ ಏನು ಕಷ್ಟ?

ಅಪ್ಪ ಅದರಲ್ಲಿ ಒಂದು ಅಕ್ಷರವನ್ನೂ ಯಾವತ್ತೂ ಹೇಳಿದವನಲ್ಲ. ಒಂದು ವರ್ಷ ಮೇ ತಿಂಗಳಲ್ಲಿ, ಯಾರದೋ ವಿಮಾನಕ್ಕೆ ಮಧ್ಯಾಹ್ನವೆಲ್ಲ ಕಾದು ಬಂದವನು ವರಾಂಡದಲ್ಲಿ ಕೂತು ಬೂಟು ಬಿಚ್ಚಿ, ಅದರ ಅಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಮೆತ್ತಗಾಗೇತಿ" ಅಂದಿದ್ದ. ಅಷ್ಟೇ. ಉಳಿದ ಭಾಷಣ ನನ್ನದು.

ಊರಿಗೆ ಬಂದೆ, ಯಂತ್ರ ಓಡಿತು, ಮರೆತೆ. ಡಿಸೆಂಬರಿನಲ್ಲಿ ಮೊಬೈಲಿಗೆ ಮೇಸ್ತ್ರಿಯಮ್ಮನ ಮೆಸೇಜು: ಯಂತ್ರದ ತಪಾಸಣೆಗೆ ಬರುವ ತಂಡದಲ್ಲಿ ನಾನೂ ಇದ್ದೇನೆ, ನಾಲ್ಕು ದಿನ ನಾಗಪುರ, ಸೆನ್ಯೋರ್ ತಾರ್ಮಾಕ್ ಅವರನ್ನು, ಅಂದರೆ ನಿನ್ನ ಅಪ್ಪನನ್ನು, ನೋಡದೆ ಹೋಗುವುದಿಲ್ಲ.

ಅಪ್ಪನ ನಿವೃತ್ತಿಗೆ ಆಗ ಎರಡು ತಿಂಗಳಿತ್ತು. ಮೂವತ್ತೇಳು ವರ್ಷ ಕೆಲಸ ಮಾಡಿದವನಿಗೆ ಹೇಳಿಕೊಳ್ಳಲು ಇದ್ದದ್ದು ಒಂದೇ ಹೆಮ್ಮೆ: ಸರ್ವಿಸ್ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ ಒಂದೂ ಇಲ್ಲ. ತಪ್ಪು ಮಾಡಿದವರ ಹೆಸರಿನ ಮುಂದೆ ಬರೆಯುವ ಶಾಯಿ ಅದು. ಆ ಗೆರೆ ಈಗ, ಕೊನೆಯ ಎರಡು ತಿಂಗಳಲ್ಲಿ, ವಿದೇಶಿಯೊಬ್ಬರ ಮುಂದೆ ಸರ್ಕಾರವನ್ನು ಟೀಕಿಸಿದ ಅಂತ ಬಿದ್ದರೆ? ಅದೂ ಅವನು ಆಡದ ಮಾತಿಗೆ, ಮಗ ಪೆಟ್ಟಿಗೆ ಮೇಲೆ ಹತ್ತಿದ್ದಕ್ಕೆ?

ಊಟ ತಪ್ಪಿಸಲು ನಾನು ಮಾಡದ ಉಪಾಯವಿಲ್ಲ. ಅವರಿಗೆ ನಮ್ಮ ಖಾರ ಆಗುವುದಿಲ್ಲ ಅಂದೆ. ಅವ್ವ ಬಿಡಲಿಲ್ಲ. "ಆರು ವಾರ ನಿನ್ನ ನೋಡಿಕೊಂಡಾಳ ಆಕಿ. ಒಂದ ರೊಟ್ಟಿ ಹಾಕದ ಕಳಸಿದ್ರ ನಾವ್ಯಾತರ ಮಂದಿ?"

ಅಪ್ಪ ಒಪ್ಪಿದ, ಆದರೆ ಅವನ ರೀತಿಯಲ್ಲಿ. ವಿದೇಶದವರು ಕ್ವಾರ್ಟರ್ಸಿಗೆ ಬರುವುದು ಬೇಡ, ನಮ್ಮ ಘಟಕಕ್ಕೆ ಹಣ್ಣು ಕೊಡುವವರ ತೋಟದಲ್ಲಿ ಊಟ ಮಾಡೋಣ. ಯೂನಿಫಾರ್ಮಿನವನು ವಿದೇಶದವರನ್ನು ಕಾಣುವ ಮೊದಲು ಆಫೀಸಿಗೆ ಒಂದು ಪತ್ರ ಕೊಡಬೇಕು, ಕಂಡ ಮೇಲೆ ಒಂದು ವರದಿ. ಕನ್ನಡಕ ಹಾಕಿಕೊಂಡು ಬರೆಯಲು ಕೂತ. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುವುದು ಅವನ ಅಭ್ಯಾಸ. "ವಿಷಯ: ವಿದೇಶಿ ಮಹಿಳೆಯೊಂದಿಗೆ ಭೋಜನ..."

ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. "ಅಲ್ರೀ, ಹೆಂಡ್ತೀನೂ ಜೋಡಿ ಇರ್ತಾಳ ಅಂತ ಒಂದ ಮಾತ ಬರೀರಿ. ಓದಿದವರು ಏನ ತಿಳ್ಕೋಬೇಕು?"

ಅಪ್ಪ ‘ಪತ್ನೀಸಮೇತ’ ಅಂತ ಸೇರಿಸಿದ. ಮಾತುಕತೆಯ ವಿಷಯ ಅನ್ನುವಲ್ಲಿ ದಪ್ಪ ಅಕ್ಷರದಲ್ಲಿ ಬರೆದ: ಸಂತ್ರಾ ಮಾತ್ರ. ಆ ‘ಮಾತ್ರ’ದ ಕೆಳಗೆ ಗೆರೆ ಎಳೆದ.

ರಾಮದಾಸಪೇಠಿನ ಹೋಟೆಲಿನಿಂದ ಮೇಸ್ತ್ರಿಯಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಬರುವಾಗ ನಾನು ದಾರಿಯುದ್ದಕ್ಕೂ ಬೇಡಿಕೊಂಡೆ. ದಯವಿಟ್ಟು ಹಣ್ಣು ಮಾತ್ರ. ಟಾರ್ಮ್ಯಾಕ್ ಬೇಡ. ಸರ್ಕಾರ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

"ಸಿ, ಸಿ, ಹೌದು, ಹಣ್ಣು ಮಾತ್ರ" ಅಂದರು. ಆದರೆ ನನ್ನತ್ತ ನೋಡಿದ ಕಣ್ಣಿನಲ್ಲಿ ಅದೇ ಹೆಗಲ ಮೇಲೆ ಕೈ ಇಟ್ಟ ದಿನದ ಮರುಕ. ಪಾಪದ ಹುಡುಗ, ಮತ್ತೆ ಕಿಟಕಿ ಹಾಕುತ್ತಿದ್ದಾನೆ ಅನ್ನುವ ಹಾಗೆ.

ತೋಟದಲ್ಲಿ ಮರಗಳೆಲ್ಲ ಹಣ್ಣಿನ ಭಾರಕ್ಕೆ ಬಿದಿರಿನ ಊರುಗೋಲು ಹಿಡಿದು ನಿಂತಿದ್ದವು. ಅಪ್ಪ ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. "ವೆಲ್‌ಕಮ್ ಮೇಡಂ" ಅಂದು ಕೈ ಕುಲುಕಿದ. ಅವ್ವ ಜಮಖಾನ ಹಾಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ತೆಗೆದಿಟ್ಟಳು. ಅವ್ವನ ಇಂಗ್ಲಿಷ್ ‘ಈಟ್ ಈಟ್’ಗೆ ಮುಗಿಯುತ್ತದೆ, ಮುಂದೆಲ್ಲ ಕನ್ನಡ, ಮೇಸ್ತ್ರಿಯಮ್ಮ ಅದಕ್ಕೆಲ್ಲ ಸ್ಪ್ಯಾನಿಷಿನಲ್ಲಿ ಉತ್ತರ ಕೊಟ್ಟರು. ಇಬ್ಬರಿಗೂ ಒಂದೂ ಅರ್ಥವಾಗಲಿಲ್ಲ, ಚಲೋ ಹೊಂದಿಕೆಯಾಯಿತು.

ಅರ್ಧ ತಾಸು ಹಣ್ಣಿನದೇ ಮಾತು. ಸಂತ್ರಾದ ಸಿಪ್ಪೆ ಸಡಿಲ, ಅವರದು ಬಿಗಿ. "ನಮ್ಮ ಹಣ್ಣಿಗೆ ಚಾಕು ಬೇಕು, ನಿಮ್ಮದು ತಾನಾಗಿಯೇ ಕೋಟು ಬಿಚ್ಚುತ್ತದೆ" ಅಂದರು. ಅಪ್ಪ ನಕ್ಕ. ನಾನು ಉಸಿರು ಬಿಟ್ಟೆ. ಗೆದ್ದೆ ಅಂದುಕೊಂಡೆ. ಆದರೆ ನಾನು ಒಂದನ್ನು ಮರೆತಿದ್ದೆ. ಹೊರದೇಶದವರು ಎದುರಿಗೆ ಕೂತರೆ ನಮ್ಮವರು ಒಂದು ಪ್ರಶ್ನೆ ಕೇಳದೆ ಕೈ ತೊಳೆಯುವುದಿಲ್ಲ. ಅಪ್ಪನಿಗೆ ಅದು ಪ್ರಶ್ನೆಯೇ ಅಲ್ಲ, ನೀರು ಬೇಕೇ ಅಂತ ಕೇಳಿದ ಹಾಗೆ. ರೊಟ್ಟಿ ಮುರಿಯುತ್ತ, ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಕೇಳಿಯೇ ಬಿಟ್ಟ:

"ಮತ್ತೆ ಮೇಡಂ, ನಮ್ಮ ದೇಶ ನಿಮಗೆ ಹೇಗನಿಸಿತು?"

ಮೇಸ್ತ್ರಿಯಮ್ಮ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ. "ಹಣ್ಣು ಬಹಳ ಚೆನ್ನಾಗಿದೆ" ಅಂದರು ಪಾಪ.

"ಹಣ್ಣಲ್ಲ ಮೇಡಂ. ದೇಶ."

ಅವರು ಎರಡೂ ಕೈ ಎತ್ತಿ ನನಗೆ ತೋರಿಸಿದರು: ಕೇಳಿದ್ದು ಅವರು, ನಾನಲ್ಲ.

"ಸೆನ್ಯೋರ್, ನಿಜ ಹೇಳಲೇ? ನನಗೆ ನಿಮ್ಮ ದೇಶ ಅಂದರೆ ಟೀವಿಯ ಗುಂಪು. ನೀರಿನಲ್ಲಿ ಗುಂಪು, ರೈಲಿನಲ್ಲಿ ಗುಂಪು, ಬೆರಳಿಗೆ ಶಾಯಿ ಹಚ್ಚಿಕೊಂಡು ನಿಂತ ಗುಂಪು. ಒಳ್ಳೆಯದಾಗುತ್ತಿದೆಯೋ ಕೆಟ್ಟದ್ದೋ, ಸುದ್ದಿಯವನು ಹೇಳಿದ್ದೇ ನನಗೆ ಗೊತ್ತು. ಆ ಗುಂಪಿನಲ್ಲಿ ನನಗೆ ಗುರುತಿನವರು ಅಂತ ಇರಲಿಲ್ಲ. ಆಮೇಲೆ ನಿಮ್ಮ ಮಗ ನಿಮ್ಮ ಮಾತು ಹೇಳಿದ. ಈಗ ನಮ್ಮ ಘಟಕದಲ್ಲಿ ನಲವತ್ತು ಜನಕ್ಕೆ ಭಾರತ ಅಂದರೆ ನೀವು." ಮುಷ್ಟಿ ಮೇಲೆ ಹೋಯಿತು. "ತಾರ್ಮಾಕ್!"

ಅಪ್ಪನ ದವಡೆ ನಿಂತಿತು. ಕನ್ನಡದಲ್ಲಿ ನನ್ನನ್ನು ಕೇಳಿದ: "ಏನಂದ್ರು?"

"ಅದು... ಅವರ ಕಡೆ ಹಣ್ಣಿನ ಒಂದು ಜಾತಿ, ಅಪ್ಪಾ."

ಆದರೆ ಮೇಸ್ತ್ರಿಯಮ್ಮ ಆಗಲೇ ಶುರು ಮಾಡಿಯಾಗಿತ್ತು. ಮೇ ತಿಂಗಳು, ಎರಡು ಗಂಟೆ, ಎಲ್ಲ ಪಕ್ಷದವರು, ಬರಿಗಾಲು, ನಾಲ್ಕು ತಾಸು, ಒಂದನ್ನೂ ಬಿಡಲಿಲ್ಲ. ಕೊಳೆತ ಹಣ್ಣು ಹಿಡಿಯುವವರ ನೆನಪಿನ ಶಕ್ತಿ ಅದು. ಅಪ್ಪ ತಟ್ಟೆ ಕೆಳಗಿಟ್ಟ. ಕೈ ತೊಳೆದ, ಒರೆಸಿಕೊಂಡ, ಎದ್ದು ನಿಂತ.

"ಏಳು."

"ಅಪ್ಪಾ..."

"ಎದ್ದ ನಿಂದ್ರು. ನಾ ಏನ ಹೇಳೇನಿ ಅಂತ ನನಗೂ ಗೊತ್ತಾಗ್ಲಿ. ಮಾಡಿ ತೋರ್ಸು."

ಎದ್ದೆ. ರೋಗ ಅಂದರೆ ರೋಗವೇ. ಕೈ ಬೆನ್ನ ಹಿಂದೆ ಹೋದವು, ಎರಡೂವರೆ ಕೆಮ್ಮು ಬಂತು, ಭಾಷಣ ಪೂರ್ತಿ ಬಂತು. ಎದುರಿಗೆ ಅಪ್ಪನೂ ತನಗೇ ತಿಳಿಯದಂತೆ ಕೈ ಬೆನ್ನ ಹಿಂದೆ ಕಟ್ಟಿ, ಕಾಲು ಒಂದಡಿ ದೂರ ಇಟ್ಟು ನಿಂತಿದ್ದ. ಅವ್ವ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಸೆರಗು ಬಾಯಿಗೆ ತುರುಕಿಕೊಂಡಳು. ಅಪ್ಪ ನಗಲಿಲ್ಲ.

ಮೇಸ್ತ್ರಿಯಮ್ಮನ ಕಡೆ ತಿರುಗಿ, ಒಂದೊಂದೇ ಶಬ್ದ ಇಟ್ಟು ಇಂಗ್ಲಿಷಿನಲ್ಲಿ ಹೇಳಿದ. "ಮೇಡಂ, ಇದನ್ನು ನಾನು ಹೇಳಿಲ್ಲ. ಮೂವತ್ತೇಳು ವರ್ಷದಲ್ಲಿ ಇಂಥ ಮಾತು ನಾನು ಯಾರ ಮುಂದೆಯೂ ಆಡಿಲ್ಲ. ಮನೆಯಲ್ಲೂ ಆಡಿಲ್ಲ. ದಯವಿಟ್ಟು ನಿಮ್ಮ ನಲವತ್ತು ಜನಕ್ಕೂ ಹೇಳಿ."

ಅವರ ಮುಖ ಇಳಿದುಹೋಯಿತು. ಕೈಯಲ್ಲಿದ್ದ ಸಂತ್ರಾದ ತೊಳೆಗಳ ಬಿಳಿ ನಾರು ಬಿಡಿಸುತ್ತ ಹೇಳಿದರು:

"ಹಾಗಾದರೆ ಹುಡುಗ ಮೊದಲು ಹೇಳಿದ್ದೇ ನಿಜ. ನಿಮ್ಮ ಮನೆಯಲ್ಲಿ ಮಾತಾಡುವುದಿಲ್ಲ. ಅದನ್ನು ಕೇಳಿ ನಾವು ಮರುಕಪಟ್ಟೆವು. ಅದಕ್ಕೇ ಅವನು ಪೆಟ್ಟಿಗೆ ಹತ್ತಿ ಇದನ್ನೆಲ್ಲ ಹೇಳಿದ, ಈಗ ತಿಳಿಯಿತು. ಅವನನ್ನು ಬೈಯಬೇಡಿ, ತಪ್ಪು ನಮ್ಮದು." ಆಮೇಲೆ, ದನಿ ಇಳಿಸಿ: "ಆದರೆ ಸೆನ್ಯೋರ್, ಒಂದು ಮಾತು ಕೇಳಬಹುದೇ? ಭಯಕ್ಕೆ ಸುಮ್ಮನಿದ್ದೀರಾ? ನಮ್ಮಪ್ಪ ಸುಮ್ಮನಿದ್ದದ್ದು ಭಯಕ್ಕೆ. ಸರ್ವಾಧಿಕಾರಿ ಸತ್ತ ಮೇಲೆ ಎಲ್ಲರೂ ಬೀದಿಯಲ್ಲಿ ನಿಂತು ಮಾತಾಡಿದರು. ಅಪ್ಪನಿಗೆ ಆಗಲಿಲ್ಲ. ಹೊಲದ ನಡುವೆ ಕೂತಿದ್ದರೂ ಕಿಟಕಿ ಹಾಕಿದೆಯಾ ಅಂತ ಕೇಳುತ್ತಿದ್ದ. ನನಗೆ ಮೂವತ್ತು ವರ್ಷ ಆಗಿತ್ತು, ಆಗಲೂ ಕೇಳುತ್ತಿದ್ದ."

ಅಪ್ಪ ನಿಂತವನು ಕೂತ. ಅವನು ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನು ಜಮಖಾನದ ಅಂಚು ಸರಿ ಮಾಡುತ್ತಿದ್ದ, ಸರಿಯಾಗಿಯೇ ಇದ್ದ ಅಂಚನ್ನು.

"ಭಯ ಅಲ್ಲ ಮೇಡಂ" ಅಂದ. "ನಾನು ರಿಪೇರಿ ಮಾಡಿದ ವಿಮಾನದಲ್ಲಿ ಇವತ್ತು ಒಂದು ಪಕ್ಷದವನು ಕೂರುತ್ತಾನೆ, ನಾಳೆ ಇನ್ನೊಬ್ಬ. ಇಬ್ಬರಿಗೂ ನಟ್ಟು ಒಂದೇ ಬಿಗಿ ಇರಬೇಕು. ಬಾಯಿ ಒಂದು ಕಡೆ ವಾಲಿದರೆ ಕೈಯೂ ವಾಲುತ್ತದೇನೋ ಅಂತ ಬಾಯಿ ಮುಚ್ಚಿಕೊಂಡೆ, ಅಷ್ಟೇ. ವೋಟು ಹಾಕುತ್ತೇನೆ. ಪ್ರತಿ ಸಲ, ಅಂಚೆಯಲ್ಲಿ. ಯಾರಿಗೆ ಅಂತ ಹೆಂಡತಿಗೂ ಗೊತ್ತಿಲ್ಲ."

ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಹಿಂಡಿ ಬಡಿಸುತ್ತ, "ನನಗ ಗೊತ್ತೈತಿ ಬಿಡು" ಅಂದಳು.

"ಏನ ಗೊತ್ತೈತಿ?" ಅಪ್ಪ ಬೆಚ್ಚಿಬಿದ್ದ.

"ಮೂವತ್ತು ವರ್ಷದಿಂದ ಗೊತ್ತೈತಿ. ಊಟಾ ಮಾಡ್ರಿ."

ಮೇಸ್ತ್ರಿಯಮ್ಮ ಏನಾಯಿತು ಅಂತ ಕೇಳಿದರು, ಹೇಳಿದೆ. ಅವರು ನಕ್ಕ ರಭಸಕ್ಕೆ ಮರದಲ್ಲಿದ್ದ ಗಿಳಿಗಳು ಎದ್ದವು. ಅವರ ಕಣ್ಣಿನ ಮರುಕ ಹೋದದ್ದು ಆಗಲೇ ಅಂತ ನನ್ನ ಲೆಕ್ಕ. ಭಯ ಇರುವ ಮನೆಯಲ್ಲಿ ಹೆಂಡತಿ ಹಾಗೆ ಹಿಂಡಿ ಬಡಿಸುವುದಿಲ್ಲ.

"ಫೆಬ್ರವರಿಯಲ್ಲಿ ಯೂನಿಫಾರ್ಮ್ ಬಿಚ್ಚುತ್ತೇನೆ" ಅಂದ ಅಪ್ಪ. "ಆಮೇಲೆ ಬನ್ನಿ. ಕಿಟಕಿ ಬಾಗಿಲು ಎಲ್ಲ ತೆಗೆದಿಟ್ಟು ಮಾತಾಡೋಣ. ಮೂವತ್ತೇಳು ವರ್ಷದ್ದು ಬಾಕಿ ಇದೆ." ಒಂದು ತುತ್ತು ಬಾಯಿಗಿಟ್ಟವನು ಮತ್ತೆ ಬೆರಳೆತ್ತಿದ. "ಇನ್ನೊಂದು ವಿಷಯ ಮೇಡಂ. ಆ ಭಾಷಣದಲ್ಲಿ ಒಂದು ತಪ್ಪಿದೆ."

ನಾನು ರೊಟ್ಟಿ ತಟ್ಟೆಗಿಟ್ಟೆ.

"ಬರಿಗಾಲಿನಲ್ಲಿ ಟಾರ್ಮ್ಯಾಕ್ ಮೇಲೆ ಯಾರನ್ನೂ ಬಿಡುವುದಿಲ್ಲ. ಮಂತ್ರಿಯೇ ಇರಲಿ. ಶೂ ಕಡ್ಡಾಯ. ಸುರಕ್ಷತೆಯ ನಿಯಮ."

"ಹಾಗಾದರೆ ಶೂ ಹಾಕಿಸಿ ನಿಲ್ಲಿಸಬಹುದೇ?" ಅಂದರು ಮೇಸ್ತ್ರಿಯಮ್ಮ.

ಅಪ್ಪ ಯೋಚಿಸಿದ. ನಿಜವಾಗಿಯೂ ಯೋಚಿಸಿದ. "ಫೆಬ್ರವರಿಯಲ್ಲಿ ಹೇಳುತ್ತೇನೆ."

ಸಂಜೆ ಅವರನ್ನು ಹೋಟೆಲಿಗೆ ಬಿಟ್ಟೆವು. ಅವ್ವ ಒಂದು ಡಬ್ಬಿ ಹಿಂಡಿ ಕಟ್ಟಿಕೊಟ್ಟಳು. ಭಾವ ಮೈದುನರಿಗೂ ಫೋರ್ಕ್‌ಲಿಫ್ಟಿನವನಿಗೂ ತಿನ್ನಿಸುತ್ತೇನೆ ಅಂದರು. ಹೋದ ಮೇಲೆ ಕಾರಿನಲ್ಲಿ ನಾವು ಮೂವರೇ. ನಾನು ಸ್ಟಿಯರಿಂಗ್ ಹಿಡಿದು ಬೈಗುಳಕ್ಕೆ ಕಾದೆ. ಹಿಂದಿನ ಸೀಟಿನಲ್ಲಿ ಅಪ್ಪ ಕನ್ನಡಕ ಹಾಕಿಕೊಂಡು, ತೊಡೆಯ ಮೇಲೆ ಡೈರಿ ಇಟ್ಟು, ಮಾರನೆಯ ದಿನ ಆಫೀಸಿಗೆ ಕೊಡಬೇಕಾದ ವರದಿ ಬರೆಯುತ್ತಿದ್ದ. ಏನು ನಡೆಯಿತೋ ಅದನ್ನೇ ಬರೆಯುವ ಮನುಷ್ಯ. ಒಂದು ಗೆರೆ ಸುಳ್ಳು ಬರೆಯಲಾರ. ಕೆಂಪು ಶಾಯಿಯ ಬಾಟಲಿ ನನ್ನ ಕಣ್ಣ ಮುಂದೆ ಬಂದು ಕೂತಿತು.

ಗಟ್ಟಿಯಾಗಿ ಓದಿದ: "ಮಾತುಕತೆಯ ವಿಷಯ: ಒಂದು, ಸಂತ್ರಾ. ಎರಡು, ಟಾರ್ಮ್ಯಾಕ್ ಮೇಲೆ ಪಾದರಕ್ಷೆಯ ಅಗತ್ಯ." ತಲೆಯೆತ್ತಿ ಕೇಳಿದ: "ಬರೋಬರ್ ಐತಿ?"

"ಬರೋಬರ್ ಐತಿ ಅಪ್ಪಾ" ಅಂದೆ. ಹೊರಟ ದನಿ ಎಷ್ಟು ಹಗುರಾಗಿತ್ತು ಅಂದರೆ, ಇದು ಯಾರದು ಅಂತ ನಾನೇ ಒಂದು ಕ್ಷಣ ಹುಡುಕಿದೆ. ಹಾಲಿನವನದಲ್ಲ, ಮಾವಶಿಯದಲ್ಲ. ನನ್ನದೇ ಇರಬೇಕು.

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಎದುರಿಗೆ ಯಾರದೋ ಹುಟ್ಟುಹಬ್ಬದ ಬ್ಯಾನರು, ಕೈ ಮುಗಿದು ನಿಂತ ಒಬ್ಬ ನೇತಾ, ಸುತ್ತ ಇಪ್ಪತ್ತು ಸಣ್ಣ ಮುಖಗಳು. ಅಪ್ಪ ಅದನ್ನು ಕಿಟಕಿಯಿಂದ ನೋಡಿದ. ಆಮೇಲೆ ಕಿಟಕಿಯ ಗಾಜು ಪೂರ್ತಿ ಇಳಿಸಿದ. ಹಿಂದಿನಿಂದ, ಬಹಳ ಮೆಲ್ಲಗೆ, ಸ್ಪೇನಿನ ಮೇಸ್ತ್ರಿಯಮ್ಮನ ದನಿ ಬಂತು:

"ತಾರ್ಮಾಕ್."

ನಾನೂ ಅವ್ವನೂ ಒಟ್ಟಿಗೆ ಹಿಂದಕ್ಕೆ ತಿರುಗಿದೆವು. ಅಪ್ಪ ಡೈರಿ ನೋಡುತ್ತಿದ್ದ. ಅಣಕ ತೀರಾ ಕೆಟ್ಟದಾಗಿತ್ತು. ‘ರ’ ಉರುಳಲಿಲ್ಲ, ಮುಷ್ಟಿ ಏಳಲಿಲ್ಲ, ಬಾಗಲಕೋಟೆ ಹಾಗೇ ಕೇಳುತ್ತಿತ್ತು. ಹಸಿರು ದೀಪ ಬಂದರೂ ನಾನು ನಗುತ್ತ ಕೂತಿದ್ದೆ. ಹಿಂದಿನ ಆಟೋದವನು ಹಾರ್ನು ಹೊಡೆಯುತ್ತ ಮರಾಠಿಯಲ್ಲಿ ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡ.